ರಾತ್ರಿ ಏನೂ ತಿನ್ನದಿದ್ದರೂ ಬೆಳಿಗ್ಗೆ ಶುಗರ್ ಏರುವುದು ಯಾಕೆ?

ಪ್ರಶ್ನೆ: ಡಾಕ್ಟ್ರೇ, ನನಗೆ 47 ವರ್ಷ. ಶುಗರ್ ಬಂದು ಮೂರು ವರ್ಷ ಆಯ್ತು, ಮೆಟ್‌ಫಾರ್ಮಿನ್ ಒಂದೇ ಮಾತ್ರೆ. ರಾತ್ರಿ ಎಂಟಕ್ಕೇ ಊಟ ಮುಗಿಸುತ್ತೇನೆ, ಅದೂ ಅರ್ಧ ಮುದ್ದೆ, ಸೊಪ್ಪಿನ ಸಾರು. ನಿನ್ನೆ ಮಲಗುವಾಗ ಮೀಟರಿನಲ್ಲಿ 126 ಇತ್ತು. ಬೆಳಿಗ್ಗೆ ಆರಕ್ಕೆ ನೋಡಿದರೆ 151! ನಡುವೆ ನೀರು ಬಿಟ್ಟು ಏನೂ ಮುಟ್ಟಿಲ್ಲ. "ರಾತ್ರಿ ಎದ್ದು ಡಬ್ಬಕ್ಕೆ ಕೈ ಹಾಕ್ತೀಯಾ?" ಅಂತಾರೆ ಯಜಮಾನರು. ಇದು ಎಲ್ಲಿಂದ ಬಂತು?

ಡಾಕ್ಟರ್: ಡಬ್ಬಕ್ಕೆ ಕೈ ಹಾಕಿದ್ದು ನೀವಲ್ಲಮ್ಮ, ನಿಮ್ಮ ಲಿವರ್.

ಶುಗರ್ ಇಲ್ಲದವರ ಮೈಯಲ್ಲಿ ಅಷ್ಟೂ ರಕ್ತ ಸೇರಿಸಿದರೂ ಇರುವ ಸಕ್ಕರೆ ಸುಮಾರು 5 ಗ್ರಾಂ. ಒಂದು ಟೀ ಚಮಚ, ಅಷ್ಟೇ. ಮಿದುಳೊಂದಕ್ಕೇ ದಿನಕ್ಕೆ 120 ಗ್ರಾಂನಷ್ಟು ಬೇಕು, ನಿದ್ದೆಯಲ್ಲೂ ಅದಕ್ಕೆ ರಜೆ ಇಲ್ಲ. ಹಾಗಾಗಿ ಆ ಚಮಚ ಖಾಲಿಯಾಗದಂತೆ ಲಿವರ್ ರಾತ್ರಿಯಿಡೀ ತುಂಬುತ್ತಿರುತ್ತದೆ. ಕೂಡಿಟ್ಟಿದ್ದನ್ನು ಬಿಡುತ್ತದೆ, ಸಾಲದಿದ್ದರೆ ಹೊಸದಾಗಿ ತಯಾರಿಸುತ್ತದೆ.

"ಬಿಡು" ಅಂತ ಹೇಳುವುದು ಗ್ಲುಕಗಾನ್ ಎಂಬ ಹಾರ್ಮೋನು. ತಮಾಷೆ ಅಂದರೆ, ಇದು ಲಿವರಿನ ಕೋಶದೊಳಗೆ ಕಾಲೇ ಇಡುವುದಿಲ್ಲ. ಹೊರಗೋಡೆಯಲ್ಲಿ ಸುದ್ದಿ ಹಿಡಿಯುವ ರಿಸೆಪ್ಟರ್ ಮೇಲೆ ಕೂತು ಬೆಲ್ ಒತ್ತುತ್ತದೆ. ಒಳಗೆ ಸೈಕ್ಲಿಕ್ ಎಎಂಪಿ ಎಂಬ ಪುಟ್ಟ ಅಣುಗಳು ರಾಶಿ ರಾಶಿ ಹುಟ್ಟಿ ಸುದ್ದಿ ಮುಟ್ಟಿಸುತ್ತವೆ. ಒಂದು ಬೆಲ್ಲಿಗೆ ಮನೆಯವರೆಲ್ಲ ಎದ್ದು ಓಡಾಡಿದ ಹಾಗೆ. ಈ ಒಳಗಿನ ಓಲೆಕಾರನನ್ನು ಕಂಡುಹಿಡಿದ ಅರ್ಲ್ ಸದರ್ಲೆಂಡ್ ಅವರಿಗೆ 1971ರಲ್ಲಿ ನೊಬೆಲ್ ಬಂತು.

ಬೆಳಗಿನ ಜಾವ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಕೂಡ ಏರಿ, ಸಕ್ಕರೆ ಬಿಡುವಂತೆ ಲಿವರನ್ನು ಇನ್ನಷ್ಟು ತಳ್ಳುತ್ತದೆ. ನಿಮ್ಮನ್ನು ಎಬ್ಬಿಸಲು ಮೈ ಮಾಡಿಕೊಳ್ಳುವ ತಯಾರಿ ಇದು. ಎಲ್ಲರಲ್ಲೂ ಆಗುತ್ತದೆ. ಶುಗರ್ ಇಲ್ಲದವರಲ್ಲಿ ಒಂಚೂರು ಇನ್ಸುಲಿನ್ ಜಾಸ್ತಿ ಬಂದು "ಸಾಕು" ಅನ್ನುತ್ತದೆ, ಲಿವರ್ ಕೇಳುತ್ತದೆ. ನಿಮ್ಮ ಲಿವರಿಗೆ ಆ ಮಾತು ಸರಿಯಾಗಿ ಕೇಳಿಸುತ್ತಿಲ್ಲ. ನಿಮ್ಮ ಮೆಟ್‌ಫಾರ್ಮಿನ್ ಮುಖ್ಯವಾಗಿ ಇದೇ ಲಿವರ್ ಸಕ್ಕರೆ ಬಿಡುವುದನ್ನು ಕಡಿಮೆ ಮಾಡುವ ಮಾತ್ರೆ.

ಇನ್ನೊಬ್ಬ ಸದಸ್ಯೆ: ಹಾಗಾದ್ರೆ ರಾತ್ರಿ ಊಟಾನೇ ಬಿಟ್ಟರೆ ಆಯ್ತಲ್ವಾ? ನಮ್ಮತ್ತೆ ಹಾಗೇ ಮಾಡ್ತಾರೆ, ಇನ್ಸುಲಿನ್ ಬೇರೆ ಚುಚ್ಚಿಕೊಳ್ತಾರೆ.

ಡಾಕ್ಟರ್: ಅಯ್ಯೋ, ಊಟ ಬಿಡುವುದನ್ನು ಇವತ್ತೇ ನಿಲ್ಲಿಸಿ. ಇನ್ಸುಲಿನ್ ಚುಚ್ಚಿಕೊಂಡು ಊಟ ಬಿಟ್ಟರೆ ನಡುರಾತ್ರಿ ಲೋ ಶುಗರ್ ಆಗಬಹುದು. ಬೆಳಗಿನ 151ಕ್ಕಿಂತ ಅದು ಎಷ್ಟೋ ಅಪಾಯ. ಬೆವರು, ನಡುಕ, ತಡಬಡಿಸುವ ಮಾತು ಕಂಡರೆ ತಕ್ಷಣ ಸಕ್ಕರೆ ನೀರು ಕುಡಿಸಿ, ಎಚ್ಚರ ಇದ್ದರೆ ಮಾತ್ರ. ಡೋಸ್ ಬಗ್ಗೆ ಅವರ ಡಾಕ್ಟರ ಹತ್ತಿರ ಮಾತಾಡಿ.

ಊಟ ಬಿಡುವ ಬದಲು ಊಟ ಆದಮೇಲೆ ಹದಿನೈದು ನಿಮಿಷ ನಡೆಯಿರಿ. ಸ್ನಾಯುವಿನ ಕೋಶದಲ್ಲಿ ಗ್ಲೂಟ್-4 ಎಂಬ ಸಕ್ಕರೆಯ ಬಾಗಿಲುಗಳಿವೆ. ಮಾಮೂಲಿಯಾಗಿ ಅವು ಒಳಗೇ ಮಡಚಿ ಇಟ್ಟಂತಿರುತ್ತವೆ, ಇನ್ಸುಲಿನ್ ಕರೆದಾಗ ಹೊರಗೋಡೆಗೆ ಬರುತ್ತವೆ. ಆದರೆ ಕಾಲು ಆಡಿಸಿದರೆ ಇನ್ಸುಲಿನ್ನಿಗೆ ಕಾಯದೆ, ಬೇರೆಯದೇ ಸೂಚನೆಯಿಂದ ಹೊರಗೆ ಬರುತ್ತವೆ. ಶುಗರ್ ಇದ್ದವರಲ್ಲೂ ಈ ದಾರಿ ಕೆಲಸ ಮಾಡುತ್ತದೆ.

ಪ್ರಶ್ನೆ ಕೇಳಿದವರು: ಯಜಮಾನರಿಗೆ ಇದನ್ನೇ ಓದಿಸಿದೆ ಡಾಕ್ಟ್ರೇ. ಮೀಟರ್ ತಪ್ಪು ತೋರಿಸಿರಬಹುದು ಅಂತಾರೆ ಈಗ!

ಡಾಕ್ಟರ್: ಅದೂ ಆಗುತ್ತದೆ. ಚುಚ್ಚುವ ಮುಂಚೆ ಕೈ ಸೋಪಿನಲ್ಲಿ ತೊಳೆದು ಒರೆಸಿಕೊಳ್ಳಿ. ಮಾವಿನಹಣ್ಣು ಹೆಚ್ಚಿದ ಕೈಯಲ್ಲೇ ಚುಚ್ಚಿಕೊಂಡು, 290 ಅಂತ ಗಾಬರಿಯಿಂದ ಫೋನ್ ಮಾಡಿದವರಿದ್ದಾರೆ. ಕೈ ತೊಳೆದು ನೋಡಿದರೆ 140.