ಇಳಿಜಾರಿನಲ್ಲಿ ನಿಲ್ಲಿಸಿದ ಕಾರು: ಚಕ್ರ ಯಾವ ಕಡೆಗೆ?

ಕೆಳತುದಿಯ ಮನೆ:
ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಮೇಲೆ ನಿಂತಿದ್ದ ಕಾರೊಂದು ತಾನಾಗಿ ಉರುಳಿ ಬಂದು ನಮ್ಮ ಗೇಟಿಗೆ ಗುದ್ದಿತು. ಸಂಜೆ ಅದೇ ಜಾಗದಲ್ಲಿ ಮಕ್ಕಳು ಆಡುತ್ತಿದ್ದರು. ಗೇಟಿನ ಖರ್ಚಿನ ಮಾತು ಇಲ್ಲಿ ಬೇಡ, ಅದು ಬಗೆಹರಿದಿದೆ. ಬೆಳಿಗ್ಗೆ ರಸ್ತೆಯುದ್ದಕ್ಕೂ ನಡೆದು ನೋಡಿದೆ. ಬಹುತೇಕ ಕಾರುಗಳ ಮುಂದಿನ ಚಕ್ರಗಳು ನೇರವಾಗಿವೆ. ಬ್ರೇಕ್ ಕೈಕೊಟ್ಟರೆ ಅವೆಲ್ಲ ನೇರ ಕೆಳಗೇ ಬರುತ್ತವೆ. ಇದನ್ನು ಈ ವಾರವೇ ಸರಿಪಡಿಸಬೇಕು.

ತಿರುವಿನ ಮನೆ:
ಹ್ಯಾಂಡ್‌ಬ್ರೇಕ್ ಎಳೆದಿದ್ದರಂತಲ್ಲ ಮೇಡಂ?

ಮೇಲ್ತುದಿಯ ಮನೆ (ಚಾಲನಾ ತರಬೇತುದಾರ):
ಎಳೆದಿದ್ದರೂ ಉರುಳಬಹುದು ಸರ್. ಹತ್ತು ಮೀಟರಿಗೆ ಒಂದು ಮೀಟರ್ ಇಳಿಯುವ ರಸ್ತೆಯಲ್ಲಿ 1200 ಕಿಲೋ ತೂಕದ ಕಾರನ್ನು ಸುಮಾರು 120 ಕಿಲೋ ಭಾರದಷ್ಟು ಬಲ ಹಗಲೂ ರಾತ್ರಿಯೂ ಕೆಳಕ್ಕೆ ಜಗ್ಗುತ್ತಿರುತ್ತದೆ. ಕೇಬಲ್ ಸವೆದು ಸಡಿಲವಾಗಿರಬಹುದು. ಕಾದ ಬ್ರೇಕ್ ಡಿಸ್ಕ್ ತಣಿದು ಕುಗ್ಗಿದಾಗಲೂ ಹಿಡಿತ ಕಡಿಮೆಯಾಗುತ್ತದೆ. ನಿಲ್ಲಿಸಿ ಎಷ್ಟೋ ಹೊತ್ತಾದ ಮೇಲೆ ಕಾರು ಹೊರಡುವುದು ಹೀಗೆಯೇ. ಆಗ ತಡೆಯುವುದು ಅಂಚುಕಲ್ಲು ಮಾತ್ರ.

ಕಾರಿನ ಮೂತಿ ಇಳಿಜಾರಿನ ಕಡೆಗಿದ್ದರೆ ಚಕ್ರವನ್ನು ಅಂಚುಕಲ್ಲಿನ ಕಡೆಗೆ ತಿರುಗಿಸಿ. ಮೂತಿ ಏರಿನ ಕಡೆಗಿದ್ದರೆ ಅಂಚುಕಲ್ಲಿನಿಂದ ಆಚೆಗೆ, ಅಂದರೆ ರಸ್ತೆಯ ಕಡೆಗೆ. ಅಂಚುಕಲ್ಲೇ ಇಲ್ಲದಿದ್ದರೆ ಏರಾಗಲಿ ಇಳಿಜಾರಾಗಲಿ, ಚಕ್ರ ರಸ್ತೆಯ ಅಂಚಿನ ಕಡೆಗಿರಲಿ.

ಎರಡನೆಯ ಅಡ್ಡರಸ್ತೆ:
ಏರಿನಲ್ಲಿ ರಸ್ತೆಯ ಕಡೆಗೆ ತಿರುಗಿಸಿದರೆ ಕಾರು ರಸ್ತೆಗೇ ಬರುವುದಿಲ್ಲವೇ?

ಮೇಲ್ತುದಿಯ ಮನೆ:
ಕೇಳಬೇಕಾದ ಪ್ರಶ್ನೆಯೇ ಇದು. ಏರಿನಲ್ಲಿರುವ ಕಾರು ಹಿಂದಕ್ಕೆ ಉರುಳುತ್ತದೆ ಎಂಬುದನ್ನು ನೆನಪಿಡಿ. ಚಕ್ರ ರಸ್ತೆಯ ಕಡೆಗೆ ತಿರುಗಿದ್ದರೆ ಅಂಚಿನ ಪಕ್ಕದ ಮುಂದಿನ ಟೈರಿನ ಹಿಂಬದಿ ಕಲ್ಲಿನತ್ತ ಚಾಚಿಕೊಂಡಿರುತ್ತದೆ. ತುಸು ಹಿಂದೆ ಸರಿಯುತ್ತಲೇ ಅದು ಕಲ್ಲಿಗೆ ತಾಗಿ ನಿಲ್ಲುತ್ತದೆ. ಕಲ್ಲಿಲ್ಲದ ಕಡೆ ಹೀಗೆ ಮಾಡಿದರೆ ಮಾತ್ರ ಹಿಂಭಾಗ ರಸ್ತೆಗೆ ನುಗ್ಗುತ್ತದೆ. ಅದಕ್ಕೇ ಅಲ್ಲಿ ನಿಯಮ ಬೇರೆ.

ಚಕ್ರ ತಿರುಗಿಸಿದ ಮೇಲೆ ಕಾಲಿನ ಬ್ರೇಕನ್ನು ಮೆಲ್ಲಗೆ ಸಡಿಲಿಸಿ, ಟೈರ್ ಕಲ್ಲಿಗೆ ಆನುವವರೆಗೆ ಕಾರನ್ನು ಸರಿಯಲು ಬಿಡಿ. ಆಮೇಲೆ ಹ್ಯಾಂಡ್‌ಬ್ರೇಕ್. ಎಂಜಿನ್ ಆರಿಸಿ, ಏರಿಗೆ ಮೊದಲ ಗೇರ್, ಇಳಿಜಾರಿಗೆ ರಿವರ್ಸ್ ಗೇರ್ ಹಾಕಿಡಿ. ಆಟೊಮ್ಯಾಟಿಕ್ ಕಾರಿನವರು ಹ್ಯಾಂಡ್‌ಬ್ರೇಕಿನ ಮೇಲೆ ಭಾರ ಕೂರಿಸಿಯೇ ಗೇರನ್ನು ‘ಪಿ’ಗೆ (ಪಾರ್ಕಿಂಗ್) ಹಾಕಬೇಕು. ಇಲ್ಲವಾದರೆ ಗೇರ್‌ಬಾಕ್ಸಿನೊಳಗಿನ ಒಂದು ಪುಟ್ಟ ಲೋಹದ ಕೊಕ್ಕೆಯೇ ಇಡೀ ಕಾರನ್ನು ಹೊರಬೇಕಾಗುತ್ತದೆ.

ತಿರುವಿನ ಮನೆ:
ನಮ್ಮ ಎದುರಿನ ಅಂಚುಕಲ್ಲು ಒಡೆದು ನೆಲಸಮವಾಗಿದೆ. ಪಕ್ಕದಲ್ಲೇ ತೆರೆದ ಚರಂಡಿ.

ಮೇಲ್ತುದಿಯ ಮನೆ:
ಅಲ್ಲಿ ನಿಲ್ಲಿಸುವುದೇ ಬೇಡ ಸರ್. ಬೇರೆ ದಾರಿಯಿಲ್ಲದಿದ್ದರೆ ಚಕ್ರದ ಇಳಿಬದಿಗೆ ಮರದ ಬೆಣೆ ಕೊಡಿ. ದುಂಡುಕಲ್ಲು ಬೇಡ, ಜಾರುತ್ತದೆ.

ಕೆಳತುದಿಯ ಮನೆ:
ಭಾನುವಾರ ಬೆಳಿಗ್ಗೆ ಏಳಕ್ಕೆ ಮೇಲ್ತುದಿಯಲ್ಲಿ ಸೇರೋಣ. ಸರ್ ತಮ್ಮ ಕಾರಿನಲ್ಲೇ ಮಾಡಿ ತೋರಿಸುತ್ತಾರೆ. ಅತಿಥಿಗಳಿಗೂ ತಿಳಿಯುವಂತೆ ಎರಡೂ ತುದಿಯಲ್ಲಿ ಚಿತ್ರವಿರುವ ಫಲಕ ಹಾಕೋಣ. ಬಣ್ಣದ ಕೆಲಸ ನನ್ನದು. ಒಡೆದ ಅಂಚುಕಲ್ಲುಗಳ ಫೋಟೊಗಳನ್ನು ಶನಿವಾರದೊಳಗೆ ಇಲ್ಲಿ ಹಾಕಿ, ದುರಸ್ತಿಗೆ ಒಂದೇ ಮನವಿ ಬರೆಯುತ್ತೇನೆ. ಬೆಣೆ ಮಾಡಿಸುವ ಹೊಣೆ ಯಾರು ಹೊರುತ್ತೀರಿ?

ಎರಡನೆಯ ಅಡ್ಡರಸ್ತೆ:
ನಾನು ಮಾಡಿಸುತ್ತೇನೆ. ಎಷ್ಟು ಬೇಕೆಂದು ಮನೆವಾರು ತಿಳಿಸಿ.