ಒಂದೇ ಗ್ರೀಸ್ ಎಲ್ಲಾ ಕಡಿ ಹಚ್ಚಬ್ಯಾಡ್ರಿ

ತಮ್ಮಾ, ನಿನ್ನ ಮೆಸೇಜ್ ನೋಡಿದೆ. ಶಹಾಬಾದ್ ರೋಡಿಗೆ ದಿನಾ ಬೈಕ್ ಹೊಡೀತಿ, ಚೈನ್ ಕಿರ್‌ಕಿರ್ ಅಂತದ, ಹಿಂದಿನ ಡ್ರಮ್ ಬ್ರೇಕ್ ತುಳಿದ್ರ ಪೆಡಲ್ ಲಗೂನ ವಾಪಸ್ ಬರಂಗಿಲ್ಲ ಅಂತ ಬರ್ದಿ. ಕಾಕಾ ಅವ್ರು ಎಲ್ಲಾದಕ್ಕೂ ಗ್ರೀಸ್ ಹಚ್ಚು ಅಂದ್ರು, ಅಕ್ಕ ಡಬ್ಲ್ಯೂಡಿ-40 ಸ್ಪ್ರೇ ಹೊಡಿ ಅಂದ್ಲು. ಕಾಕಾ, ಸಿಟ್ಟಾಗಬ್ಯಾಡ್ರಿ, ಈ ಎರಡು ಜಾಗಕ್ಕ ಹಂಗ ನಡಿಯಂಗಿಲ್ಲ.

ಆ ಕಡಿ ಪರ್ಸಿ ಕಲ್ಲಿನ ಧೂಳ ಭಾಳ. ಗಟ್ಟಿ ಗ್ರೀಸ್ ಚೈನಿನ ರೋಲರ್ ಒಳಗ ಇಳಿಯಂಗಿಲ್ಲ, ಹೊರಗೇ ಕುಂತು ಧೂಳ ಹಿಡಿತದ. ಎರಡೂ ಕೂಡಿ ಸಾಣಿ ಹಿಡಿದಂಗ ಉಜ್ಜತಾವ, ಸ್ಪ್ರಾಕೆಟ್ ಹಲ್ಲು ಸವಿತಾವ. ಡಬ್ಲ್ಯೂಡಿ-40 ಹೊಲಸು ಬಿಡಿಸ್ತದ, ನೀರು ಓಡಿಸ್ತದ, ಖರೆ. ಆದ್ರ ಅದು ಭಾಳ ತೆಳುವು, ಚೈನಿನ ಮ್ಯಾಲ ನಿಲ್ಲಂಗಿಲ್ಲ.

ಎಂಜಿನ್ ಬಂದ್ ಮಾಡು, ಡಬಲ್ ಸ್ಟ್ಯಾಂಡ್ ಹಾಕು, ನ್ಯೂಟ್ರಲ್‌ಗೆ ತಗೊಂಡು ಗಾಲಿ ಕೈಲೇ ತಿರುಗಿಸು. ಎಂಜಿನ್ ಚಾಲೂ ಇಟ್ಟು ಮಾಡಿದ್ರ ಬೆರಳು ಹೋಗ್ತಾವ, ಅದು ಮಾತ್ರ ಬ್ಯಾಡೇ ಬ್ಯಾಡ. ಮೆತ್ತನ ಬ್ರಶ್ಶಿಗೆ ಚಿಮಣಿ ಎಣ್ಣಿ ಹಚ್ಚಿ ಉಜ್ಜು. ಪೆಟ್ರೋಲ್ ಬ್ಯಾಡ, ಬೆಂಕಿ ಭಯ ಅದ, ಚೈನಿನಾಗ ಓ-ರಿಂಗ್ (ಸಣ್ಣ ರಬ್ಬರ್ ಉಂಗುರ) ಇದ್ರ ಅವೂ ಕೆಡ್ತಾವ. ಅರಿವಿಲೇ ಒರಸಿ ಪೂರಾ ಒಣಗಿಸಿ, 90 ನಂಬರ್ ಗೇರ್ ಆಯಿಲ್ ಕೆಳಗಿನ ಚೈನಿನ ಒಳಮೈಗೆ ಹನಿಹನಿ ಬಿಡು. ಗಾಲಿ ತಿರುಗಿದಾಗ ಅದೇ ಹೊರಗ ಬರ್ತದ. ಹತ್ತು ನಿಮಿಷ ಬಿಟ್ಟು ಮ್ಯಾಲಿಂದು ಒರಸಿಬಿಡು. ಸುಮಾರು 500 ಕಿಲೋಮೀಟರಿಗೊಮ್ಮೆ, ಮಳಿಯಾಗ ಹೋಗಿ ಬಂದ್ರ ಮರುದಿನಾನೇ. ಇಷ್ಟಾದ ಮ್ಯಾಲೂ ಸಪ್ಪಳ ಬಂದ್ರ ಚೈನಿನ ಸಡಿಲು ನೋಡು. ಎಷ್ಟಿರಬೇಕು ಅಂತ ಗಾಡಿ ಪುಸ್ತಕದಾಗ ಇರ್ತದ.

ಪೆಡಲ್ ವಾಪಸ್ ಬರಲಿಲ್ಲ ಅಂದ್ರ ಬಹುತೇಕ ಬ್ರೇಕ್ ಕ್ಯಾಮ್ ಶಾಫ್ಟ್ (ಪೆಡಲ್ ತುಳಿದಾಗ ತಿರುಗಿ ಒಳಗಿನ ಬ್ರೇಕ್ ಅಗಲಿಸೋ ಸಳಿ) ತುಕ್ಕು ಹಿಡಿದು ಬಿಗಿ ಆಗಿರ್ತದ, ಇಲ್ಲಾಂದ್ರ ಸ್ಪ್ರಿಂಗ್ ಸೋತಿರ್ತದ. ಹೊರಗಿಂದ ಎಣ್ಣಿ ಹೊಡಿಬ್ಯಾಡ, ಅದು ಒಳಗ ಇಳಿದು ಲೈನರಿಗೆ (ಡ್ರಮ್ಮಿಗೆ ಉಜ್ಜಿ ಗಾಡಿ ನಿಲ್ಲಿಸೋ ಪಟ್ಟಿ) ಹತ್ತಿದ್ರ ಬ್ರೇಕೇ ಹಿಡಿಯಂಗಿಲ್ಲ. ಎಣ್ಣಿ ಕುಡಿದ ಲೈನರ್ ತೊಳದ್ರ ಸುಧಾರಿಸಂಗಿಲ್ಲ, ಬದಲೇ ಮಾಡಬೇಕು. ಗಾಲಿ ಬಿಚ್ಚು. ಒಳಗಿನ ಧೂಳ ಊದಬ್ಯಾಡ, ಹಸಿ ಅರಿವಿಲೇ ಒರಸು. ಕ್ಯಾಮ್ ಹೊರಗ ತಗದು ತುಕ್ಕು ಎಮರಿ ಪೇಪರಿನಿಂದ ತಗಿ, ಶಾಫ್ಟಿಗೆ ಮತ್ತ ಕ್ಯಾಮಿನ ಮುಖಕ್ಕ ಹೆಚ್ಚು ಶಾಖ ತಡಿಯೋ ಗ್ರೀಸ್ ಜ್ವಾಳದ ಕಾಳಿನಷ್ಟು ಹಚ್ಚು. ಜಾಸ್ತಿ ಹಚ್ಚಿದ್ರ ಕಾದಾಗ ಹರಿದು ಲೈನರಿಗೇ ಹೋಗ್ತದ.

ಕಾಕಾ, ನಿಮ್ ಕಾರಿನ ಡಿಸ್ಕ್ ಬ್ರೇಕಿನ ಕ್ಯಾಲಿಪರ್ (ಪ್ಯಾಡ್ ಒತ್ತೋ ಭಾಗ) ಪಿನ್ನಿಗೆ ಮಾತ್ರ ಸಿಲಿಕಾನ್ ಗ್ರೀಸೇ ಹಾಕಿಸ್ರಿ. ಸಾದಾ ಗ್ರೀಸಿಗೆ ಅಲ್ಲಿನ ರಬ್ಬರ್ ಉಬ್ಬಿ ಪಿನ್ ಸಿಕ್ಕೊಂತದ, ಆಮ್ಯಾಲ ಪ್ಯಾಡ್ ಒಂದೇ ಕಡಿ ಸವಿತದ.

ಎಂಜಿನ್ ಆಯಿಲ್ ಬಗ್ಗೆನೂ ಕೇಳಿದ್ದಿ. ನಿನ್ನ ಗೇರ್ ಬೈಕಿನಾಗ ಕ್ಲಚ್ ಆಯಿಲಿನ್ಯಾಗೇ ಮುಳುಗಿರ್ತದ. ಡಬ್ಬಿ ಮ್ಯಾಲ ಜಾಸೋ ಎಂಎ ಇಲ್ಲಾ ಎಂಎ2 (ಇಂಥಾ ಕ್ಲಚ್ಚಿಗೆ ನಡಿಯೋ ಆಯಿಲಿನ ಗುರುತು) ಅಂತ ಇರಬೇಕು. ಕಾಕಾ ಅವ್ರ ಕಾರಿನ ಆಯಿಲ್ ಉಳಿದದ ಅಂತ ಹಾಕಬ್ಯಾಡ, ಕ್ಲಚ್ ಜಾರ್ತದ. ಅಕ್ಕನ ಸ್ಕೂಟಿ ಕ್ಲಚ್ ಆಯಿಲಿನ್ಯಾಗ ಇರಂಗಿಲ್ಲ, ಅದಕ್ಕ ಜಾಸೋ ಎಂಬಿ ಇದ್ರ ನಡಿತದ.

ಮೊದಲ ಬ್ರೇಕ್ ಕೆಲಸ ಮುಗಸು, ಚೈನ್ ಆಮ್ಯಾಲ. ಕ್ಯಾಮ್ ಬಿಚ್ಚಿದ ಕೂಡ್ಲೇ ಒಂದು ಫೋಟೋ ಇಲ್ಲೇ ಹಾಕು, ಸವದದ ಏನು ಅಂತ ನೋಡಿ ಹೇಳ್ತೀನಿ.