24-8 ಇದ್ದಾಗ ಎದ್ದು ಬಂದುಬಿಟ್ಟೆ. ಆಮೇಲೆ ಆಗಿದ್ದೇನು, ಯಾರಾದರೂ ಹೇಳ್ತೀರಾ?

ಸಿಡ್ನಿಗೆ ಹೊಸಬ | 4 ಅಕ್ಟೋಬರ್ 2023

ದಯವಿಟ್ಟು ನಗಬೇಡಿ. ಆಫೀಸಿನವರು ನಕ್ಕಿದ್ದೇ ಸಾಕಾಗಿದೆ.

ಮೊನ್ನೆ ಭಾನುವಾರ ಎನ್‌ಆರ್‌ಎಲ್ (ಇಲ್ಲಿನ ರಗ್ಬಿ ಲೀಗ್ ಟೂರ್ನಿ) ಗ್ರ್ಯಾಂಡ್ ಫೈನಲ್‌ಗೆ ಹೋಗಿದ್ದೆ. ಪೆನ್ರಿತ್ ಪ್ಯಾಂಥರ್ಸ್ ಮೇಲೆ ಬ್ರಿಸ್ಬೇನ್ ಬ್ರಾಂಕೋಸ್. ಟಿಕೆಟ್ ನನ್ನದಲ್ಲ. ನಮ್ಮ ಟೀಮಿನವನ ಮಗನಿಗೆ ಜ್ವರ ಬಂದು ಒಂದು ಸೀಟು ಉಳಿದಿತ್ತು, ಕರೆದ, ಹೋದೆ. ಈ ಊರಿಗೆ ಬಂದು ಏಳು ತಿಂಗಳು. ರಗ್ಬಿ ಅಂದರೆ ಮೊಟ್ಟೆಯಂಥ ಚೆಂಡು, ಕುತ್ತಿಗೆಯೇ ಇಲ್ಲದ ಜನ, ಅಷ್ಟೇ ನನಗೆ ಗೊತ್ತಿದ್ದದ್ದು. ಲೀಗ್ ಬೇರೆ, ಯೂನಿಯನ್ ಬೇರೆ ಅನ್ನೋದೇ ಅವತ್ತು ರೈಲಿನಲ್ಲಿ ತಿಳಿಯಿತು. ಲೀಗ್‌ನಲ್ಲಿ 13 ಜನ, ಯೂನಿಯನ್‌ನಲ್ಲಿ 15.

ಅವತ್ತೇ ಇಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗಿತ್ತು. ನಿದ್ದೆ ಕಡಿಮೆ. ಮ್ಯಾಚ್ ಶುರುವಾಗಿದ್ದು ರಾತ್ರಿ ಏಳೂವರೆಗೆ. ಮೊದಲರ್ಧಕ್ಕೆ ಪೆನ್ರಿತ್ 8, ಬ್ರಿಸ್ಬೇನ್ 6. ಆಮೇಲೆ ಬ್ರಿಸ್ಬೇನಿನ ಎಜ್ರಾ ಮ್ಯಾಮ್ ಅನ್ನೋ ಹುಡುಗ ಹತ್ತು ನಿಮಿಷದೊಳಗೆ ಮೂರು ಟ್ರೈ (ಎದುರಾಳಿಯ ಕೊನೇ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತೋದು) ಹೊಡೆದುಬಿಟ್ಟ. ಮೂರನೆಯದಕ್ಕೆ ನನ್ನ ಮುಂದಿನ ಸಾಲಿನಲ್ಲಿ ಪೆನ್ರಿತ್ ಜೆರ್ಸಿ ಹಾಕಿದ್ದ ಹೆಂಗಸು ಟೋಪಿ ತೆಗೆದು ತೊಡೆ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತರು. 24-8. ಮುಗೀತು ಅಂದುಕೊಂಡೆ. ಎಂಬತ್ತು ಸಾವಿರ ಜನ ಒಟ್ಟಿಗೆ ರೈಲಿಗೆ ನುಗ್ಗುವ ಮೊದಲು ಹೊರಟುಬಿಡೋಣ ಅಂತ ಎದ್ದೆ.

ಒಲಿಂಪಿಕ್ ಪಾರ್ಕ್ ಸ್ಟೇಷನ್ನಿನಲ್ಲಿ ನಾಲ್ಕೇ ಜನ. ಒಬ್ಬರು ವಯಸ್ಸಾದವರು, ಕಪ್ಪು ಜೆರ್ಸಿ, ಕೈಯಲ್ಲಿ ಅರ್ಧ ತಿಂದ ಪೈ. ಸ್ಟೇಡಿಯಂ ಕಡೆಯಿಂದ ಹೋ ಅಂತ ಶಬ್ದ ಬಂತು. ಅವರು ತಲೆ ಎತ್ತಿದರು. ಸ್ವಲ್ಪ ಹೊತ್ತಿಗೆ ಇನ್ನೊಂದು, ಅದಕ್ಕಿಂತ ಜೋರು. ಪೈಯನ್ನು ಕಸದ ಬುಟ್ಟಿಗೆ ಎಸೆದು, ಆ ವಯಸ್ಸಿನಲ್ಲಿ, ಮೆಟ್ಟಿಲು ಕಡೆ ಓಡಿದರು. ನಾನು ರೈಲು ಹತ್ತಿದೆ. ಲಿಡ್‌ಕಮ್‌ನಲ್ಲಿ ಇಳಿದು ಫೋನ್ ನೋಡಿದರೆ 24-20. ಪರ್ರಮಟ್ಟಾ ಬರುವಷ್ಟರಲ್ಲಿ 26-24, ಪೆನ್ರಿತ್ ಚಾಂಪಿಯನ್.

ಹೈಲೈಟ್ಸ್ ನೋಡಿದೆ, ತಲೆಬುಡ ಗೊತ್ತಾಗಲಿಲ್ಲ. 16 ಪಾಯಿಂಟ್ ಹಿಂದೆ ಬಿದ್ದವರು ಅಷ್ಟು ಬೇಗ ಹೇಗೆ ಮೇಲೆ ಬಂದರು? ಇನ್ನೊಂದು, 27 ವಾರ ಆಡಿಸಿ ಕೊನೆಗೆ ಒಂದು ರಾತ್ರಿಯಲ್ಲಿ ಎಲ್ಲ ತೀರ್ಮಾನ ಮಾಡೋದು ಯಾವ ನ್ಯಾಯ?

ಪೆನ್ರಿತ್ ಹಳಬ

ಗುರುವೇ, ಮೊದಲು ಸಮಾಧಾನ ಮಾಡ್ಕೊಳ್ಳಿ. ನಾನು ಪೆನ್ರಿತ್ ಪಕ್ಕದಲ್ಲಿ 19 ವರ್ಷದಿಂದ ಇದ್ದೇನೆ, ಇಬ್ಬರು ಮಕ್ಕಳೂ ಪ್ಯಾಂಥರ್ಸ್ ಹುಚ್ಚರು. ಆದರೂ 24-8 ಆದಾಗ ನಾನೂ ಸೋಫಾದಿಂದ ಎದ್ದು ಪಾತ್ರೆ ತೊಳೆಯೋಕೆ ಹೋಗಿದ್ದೆ. ಕುಕ್ಕರ್ ಉಜ್ಜುತ್ತಿದ್ದಾಗ ಚಿಕ್ಕವಳು ಕಿರುಚಿದಳು. ಸೋಪಿನ ಕೈಯಲ್ಲೇ ಓಡಿಬಂದು ಉಳಿದದ್ದನ್ನು ನಿಂತೇ ನೋಡಿದೆ.

ಮೊದಲು ಲೆಕ್ಕ. ಟ್ರೈಗೆ 4, ಆಮೇಲೆ ಚೆಂಡನ್ನು ಕಂಬಗಳ ನಡುವೆ ಒದ್ದರೆ ಇನ್ನೂ 2. ಒಟ್ಟು 6. ಅಂದರೆ ಮೂರು ಟ್ರೈ ಬೇಕು, ಮೂರು ಒದೆತವೂ ಒಳಗೆ ಬೀಳಬೇಕು. ಆಗ 26. ಒಂದು ಒದೆತ ತಪ್ಪಿದ್ದರೂ 24-24, ಹೆಚ್ಚುವರಿ ಸಮಯಕ್ಕೆ ಹೋಗುತ್ತಿತ್ತು.

ಈಗ ನಿಮಗೆ ಯಾರೂ ಹೇಳದೇ ಇರೋ ವಿಷಯ. ಫುಟ್‌ಬಾಲಿನಲ್ಲಿ ಗೋಲು ಬಿಟ್ಟುಕೊಟ್ಟವರಿಗೆ ಚೆಂಡು ಸಿಗುತ್ತೆ, ಅಲ್ವಾ? ಇಲ್ಲಿ ಉಲ್ಟಾ. ಪಾಯಿಂಟ್ ಬಿಟ್ಟುಕೊಟ್ಟವರೇ ಚೆಂಡನ್ನು ಒದ್ದು, ಗಳಿಸಿದವರ ಕೈಗೆ ಕೊಡಬೇಕು. ಅವರಿಗೆ ಮತ್ತೆ ಆರು ಟ್ಯಾಕಲ್. ಆರು ಸಲ ಹಿಡಿದು ಕೆಡವೋ ತನಕ ಚೆಂಡು ಅವರದೇ. ಪ್ರತಿ ಸಲ ಕೆಡವಿದ ಮೇಲೂ ಎದುರಿನವರು ಹತ್ತು ಮೀಟರ್ ಹಿಂದಕ್ಕೆ ಓಡಿ ಸಾಲು ಕಟ್ಟಬೇಕು. ಎಪ್ಪತ್ತನೇ ನಿಮಿಷದ ಹೊತ್ತಿಗೆ ನೂರು ಕೆಜಿ ಆಳುಗಳು ಸೊಂಟದ ಮೇಲೆ ಕೈ ಇಟ್ಟುಕೊಂಡಿರುತ್ತಾರೆ. ಬದಲಿ ಆಟಗಾರರನ್ನು ಇಳಿಸೋಕೂ ಎಂಟೇ ಅವಕಾಶ. ಹಾಗಾಗಿ ಈ ಆಟದಲ್ಲಿ ಟ್ರೈಗಳು ಗುಂಪುಗುಂಪಾಗಿ ಬರೋದು ಜಾಸ್ತಿ. ಮ್ಯಾಮ್ ಮೂರು ಹೊಡೆದದ್ದೂ ಅದೇ ಅಲೆಯಲ್ಲಿ, ನಾವು ತಿರುಗಿಸಿ ಹೊಡೆದದ್ದೂ ಅದೇ ಅಲೆಯಲ್ಲಿ.

ಆದರೆ ಅಲೆ ತಾನಾಗಿ ಏಳೋದಿಲ್ಲ. ನಮ್ಮ ಜರೋಮ್ ಲುವೈ ಭುಜದ ನೋವಿನಿಂದ ಹೊರಗೆ ಹೋದ. ಬದಲಿಗೆ ಬಂದವನು ಜ್ಯಾಕ್ ಕಾಗರ್. ನೇಥನ್ ಕ್ಲಿಯರಿ ಇಡೀ ಆಟವನ್ನು ತನ್ನ ಮೇಲೆ ಹಾಕಿಕೊಂಡ. ಅವನೇ ಸಾಲು ಸೀಳಿ ನುಗ್ಗಿದ ಮೇಲೆ ಮೋಸೆಸ್ ಲಿಯೋಟಾ ಟ್ರೈ, 24-14. ನೀವು ಸ್ಟೇಷನ್ನಿನಲ್ಲಿ ಕೇಳಿದ ಮೊದಲ ಶಬ್ದ ಅದೇ ಇರಬೇಕು.

ಆಮೇಲೆ ಒಂದು 40/20. ಇದನ್ನು ಹೈಲೈಟ್ಸ್‌ನಲ್ಲಿ ಇನ್ನೊಮ್ಮೆ ನೋಡಿ. ನಮ್ಮ 40 ಮೀಟರ್ ಗೆರೆಯ ಹಿಂದಿನಿಂದ ಒದ್ದ ಚೆಂಡು ಮೈದಾನದಲ್ಲಿ ಪುಟಿದು, ಎದುರಾಳಿಯ 20 ಮೀಟರ್ ಒಳಗೆ ಪಕ್ಕದ ಗೆರೆ ದಾಟಬೇಕು. ದಾಟಿದರೆ ಒದ್ದವರಿಗೇ ಚೆಂಡು ವಾಪಸ್, ಅದೂ ಎದುರಾಳಿಯ ಹೊಸ್ತಿಲಲ್ಲಿ. ಸ್ವಲ್ಪ ಉದ್ದ ಹೋದರೆ ಅವರ ಪಾಲು, ಸ್ವಲ್ಪ ಗಿಡ್ಡವಾದರೂ ಅವರ ಪಾಲು. ನಮ್ಮ ಕಾಲೋನಿಯಲ್ಲಿ ಗೋಲಿ ಆಡುವಾಗ ದೂರದ ಗುಣಿಗೆ ಗುರಿ ಇಟ್ಟ ಹಾಗೆ. ಕಾಲು ನಡುಗೋ ಹೊತ್ತಲ್ಲಿ ಕ್ಲಿಯರಿ ಅದನ್ನು ಒದ್ದ. ಆಮೇಲೆ ಸ್ಟೀಫನ್ ಕ್ರೈಟನ್ ಟ್ರೈ, 24-20. 76ನೇ ನಿಮಿಷಕ್ಕೆ ಕ್ಲಿಯರಿ ತಾನೇ ಕಾಲು ಬದಲಿಸಿ ನಡುವೆ ನುಸುಳಿ ಟ್ರೈ ಹೊಡೆದು, ತಾನೇ ಒದ್ದು 26 ಮಾಡಿದ. ಪಂದ್ಯದ ಶ್ರೇಷ್ಠ ಆಟಗಾರನಿಗೆ ಕೊಡುವ ಕ್ಲೈವ್ ಚರ್ಚಿಲ್ ಮೆಡಲ್ ಅವನಿಗೇ. ಕೋಚ್ ಐವನ್ ಕ್ಲಿಯರಿ ಅವನ ಅಪ್ಪ. ಮೂರು ವರ್ಷ ಸತತ ಕಪ್. 1981ರಿಂದ 83ರವರೆಗೆ ಗೆದ್ದ ಪರ್ರಮಟ್ಟಾ ತಂಡ ಆದಮೇಲೆ ಇದನ್ನು ಯಾರೂ ಮಾಡಿರಲಿಲ್ಲ.

ನ್ಯಾಯದ ಪ್ರಶ್ನೆಗೆ ಬಂದರೆ, ಈ ವರ್ಷ ನಿಮ್ಮ ದೂರಿಗೆ ಜಾಗವೇ ಇಲ್ಲ. 17 ತಂಡ, ತಲಾ 24 ಪಂದ್ಯ. ಪೆನ್ರಿತ್ 18 ಗೆದ್ದಿತ್ತು, ಬ್ರಿಸ್ಬೇನೂ 18. ಪಾಯಿಂಟ್ ವ್ಯತ್ಯಾಸದಲ್ಲಿ ನಾವು ಮೊದಲು, ಅವರು ಎರಡನೆಯವರು. ಮೊದಲ ಎಂಟು ತಂಡ ಫೈನಲ್ಸ್ ಅನ್ನೋ ಕೊನೇ ಹಂತಕ್ಕೆ ಹೋಗುತ್ತವೆ. ಅದರಲ್ಲಿ ಮೇಲಿನ ನಾಲ್ಕಕ್ಕೆ ಮೊದಲ ವಾರ ಸೋತರೂ ಇನ್ನೊಂದು ಅವಕಾಶ. ಕೆಳಗಿನ ನಾಲ್ಕು ಸೋತರೆ ಸೀದಾ ಮನೆಗೆ. ಪಟ್ಟಿಯಲ್ಲಿ ಮೊದಲು ಬಂದವರಿಗೂ ಒಂದು ಶೀಲ್ಡ್ ಕೊಡ್ತಾರೆ. ಅದನ್ನು ನೆನಪಿಟ್ಟುಕೊಳ್ಳುವವರು ಕಡಿಮೆ, ಅದು ಬೇರೆ ಮಾತು.

ಆ ಪೈ ತಾತನನ್ನು ಮತ್ತೆ ಒಳಗೆ ಬಿಟ್ಟಿರೋದು ಅನುಮಾನ. ಗೇಟಿನ ಹೊರಗೆ ನಿಂತೇ ಕೇಳಿಸಿಕೊಂಡಿರುತ್ತಾರೆ.

ಕಬಡ್ಡಿ ಕಿಲಾಡಿ

ಪುತ್ತೂರಿನಿಂದ ಹೇಳ್ತಿದ್ದೇನೆ ಮಾರಾಯ್ರೆ, ರಗ್ಬಿ ನನಗೆ ಏನೂ ಗೊತ್ತಿಲ್ಲ. ಆದರೆ ಪ್ರೊ ಕಬಡ್ಡಿ ಆರನೇ ಸೀಸನ್ನಿನ ಫೈನಲ್ ನೆನಪುಂಟಲ್ಲ? ಬೆಂಗಳೂರು ಬುಲ್ಸ್ ಅರ್ಧ ಸಮಯಕ್ಕೆ ಗುಜರಾತ್‌ಗಿಂತ ಹಿಂದೆ. ಆಮೇಲೆ ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್, 38-33. ಅವತ್ತು ನಮ್ಮ ಬಾವ ಅರ್ಧದಲ್ಲೇ ಎದ್ದು ಮಲಗಿದ್ದರು. ಈಗಲೂ ಯಾರ ಮದುವೆಮನೆಗೆ ಹೋದರೂ ಅವರಿಗೆ ಅದೇ ಮಾತು ಕೇಳಬೇಕು. ನಿಮಗೂ ಅಷ್ಟೇ, ಇನ್ನು ಅಭ್ಯಾಸ ಮಾಡಿಕೊಳ್ಳಿ.

ಬ್ರಿಸ್ಬೇನ್ ಅಕ್ಕ

ಎದ್ದು ಹೋದ ನೀವೇ ಪುಣ್ಯವಂತರು. ನಾನು ಕೊನೇ ತನಕ ನೋಡಿದೆ.

2015ರ ಗ್ರ್ಯಾಂಡ್ ಫೈನಲ್‌ಗೂ ಅದೇ ಸ್ಟೇಡಿಯಂ. ಆಟ ಮುಗಿಯೋ ಸೈರನ್ ಹೊತ್ತಿಗೆ ಎದುರಾಳಿ ಕೌಬಾಯ್ಸ್ ಟ್ರೈ ಹೊಡೆದು 16-16 ಮಾಡಿದರು. ಆಮೇಲೆ ಗೋಲ್ಡನ್ ಪಾಯಿಂಟ್, ಅಂದರೆ ಮೊದಲು ಪಾಯಿಂಟ್ ಗಳಿಸಿದವರೇ ಗೆದ್ದ ಹಾಗೆ. ಅದರ ಮೊದಲ ಒದೆತದ ಚೆಂಡನ್ನು ನಮ್ಮ ಬೆನ್ ಹಂಟ್ ಕೈಬಿಟ್ಟ. ಅವರ ಜೊನಾಥನ್ ಥರ್ಸ್ಟನ್ ಆಟದ ನಡುವೆಯೇ ಕಂಬಗಳ ನಡುವೆ ಒದ್ದು, ಒಂದು ಪಾಯಿಂಟ್ ಗಳಿಸಿ ಮುಗಿಸಿದ. 17-16. ನಮಗೆ 2006ರ ನಂತರ ಕಪ್ ಇಲ್ಲ. ಪೆನ್ರಿತ್ ಹಳಬರೇ, ಕುಕ್ಕರ್ ಚೆನ್ನಾಗಿ ಉಜ್ಜಿ.

ಪೆನ್ರಿತ್ ಹಳಬ

ಅಕ್ಕ, ನಿಮ್ಮ ಹುಡುಗರು ಇನ್ನೂ ಚಿಕ್ಕವರು. ಬರುತ್ತೆ ಬಿಡಿ.

ಬ್ರಿಸ್ಬೇನ್ ಅಕ್ಕ | 6 ಅಕ್ಟೋಬರ್ 2025

ಹಳೇ ಥ್ರೆಡ್ ಎಬ್ಬಿಸಿದ್ದಕ್ಕೆ ಬೈಯಬೇಡಿ. ಬಂತು!

ಪಟ್ಟಿಯಲ್ಲಿ ನಾಲ್ಕನೆಯವರು ನಾವು. ಮೊದಲು ಬಂದಿದ್ದ ಕ್ಯಾನ್ಬೆರಾವನ್ನು ಫೈನಲ್ಸ್‌ನ ಮೊದಲ ವಾರವೇ 29-28ಕ್ಕೆ ಸೋಲಿಸಿದೆವು. ಆಮೇಲೆ ನಾಲ್ಕು ವರ್ಷ ಸತತ ಗೆದ್ದಿದ್ದ ಪೆನ್ರಿತ್ ಮೇಲೆ 0-14ರಿಂದ ಎದ್ದು 16-14. ಹಳಬರೇ, ಕೇಳಿಸ್ತಾ? ನಿನ್ನೆ ಮೆಲ್ಬರ್ನ್ ಮೇಲೆ 26-22. ಮೊದಲರ್ಧಕ್ಕೆ 12-22 ಹಿಂದೆ ಇದ್ದೆವು, ಎರಡನೇ ಅರ್ಧದಲ್ಲಿ ಅವರಿಗೆ ಒಂದು ಪಾಯಿಂಟೂ ಕೊಡಲಿಲ್ಲ. ಮೆಡಲ್ ರೀಸ್ ವಾಲ್ಶ್‌ಗೆ. ನಾನು ಮಾತ್ರ ಕೊನೆಗೆ ನೋಡುತ್ತಿದ್ದದ್ದು ಬೆನ್ ಹಂಟ್‌ನನ್ನು. ಬೇರೆ ಕ್ಲಬ್ಬಿಗೆ ಹೋಗಿ ಈ ವರ್ಷ ವಾಪಸ್ ಬಂದಿದ್ದ. ಹತ್ತು ವರ್ಷ ಅದೊಂದು ಚೆಂಡಿಗೆ ಮಾತು ಕೇಳಿದ ಮನುಷ್ಯ. ಅತ್ತೆ ಊರಿನಿಂದ ಬಂದಿದ್ದಾರೆ, ಒಂದು ನಿಯಮವೂ ಗೊತ್ತಿಲ್ಲ, ನಾನು ಅಳೋದು ನೋಡಿ ಅವರೂ ಅತ್ತರು.

ಸಿಡ್ನಿಗೆ ಹೊಸಬ

ಅಕ್ಕ, ಅಭಿನಂದನೆ! ಈ ಸಲ ಮನೆಯಲ್ಲೇ ನೋಡಿದೆ. ಮೊದಲರ್ಧಕ್ಕೆ "ಮುಗೀತಲ್ವಾ, ಆಫ್ ಮಾಡಿ, ಊಟಕ್ಕೆ ಬನ್ನಿ" ಅಂದಳು ನನ್ನವಳು. ರಿಮೋಟ್ ತೆಗೆದು ತೊಡೆ ಕೆಳಗೆ ಇಟ್ಟುಕೊಂಡು ಕೂತೆ. ತಟ್ಟೆ ಅಲ್ಲಿಗೇ ಬಂತು.